ನನ್ನ ಕಥೆಯ ಪತ್ತೇದಾರಿ ಹುಟ್ಟಿದ್ದು ಹೀಗೆ

ಹೆಂಗಸೊಬ್ಬಳು ಪತ್ತೇದಾರಿಯಾಗಿರುವ ಕಥೆ ಬರೆಯಬೇಕು ಅಂತ ಹೊರಟಾಗ ನಾನು ಮೊದಲು ಓದಲು ಕೂತೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ನಮ್ಮಲ್ಲಿ ತುಂಬ ಜನರಿಗೆ ಗೊತ್ತು. ಆದರೆ ಅವಳು ಬಂದಿದ್ದು 1927ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ, 1864ರಲ್ಲಿ, ಇಂಗ್ಲೆಂಡಿನಲ್ಲಿ ಇಂಥ ಎರಡು ಪುಸ್ತಕ ಬಂದಿದ್ದವು. ಆಗ ಲಂಡನ್ನಿನಲ್ಲಿ ಮಹಿಳಾ ಪೊಲೀಸರೇ ಇರಲಿಲ್ಲ! ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಆ ಕಾಲದ ಕಥೆಗಳಲ್ಲಿ ಹಲವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೊರಬಂದ ವರ್ಷದ ಪ್ರಕಾರ ಜೋಡಿಸಿಕೊಂಡು ಓದಿದೆ.

ಓದುವಾಗ ಪಕ್ಕದಲ್ಲಿ ನೋಟ್‌ಬುಕ್ ಇರುತ್ತಿತ್ತು. ಇವಳು ಈ ಕೆಲಸಕ್ಕೆ ಯಾಕೆ ಬಂದಳು? ಕಂಡವರ ಮನೆಯೊಳಗೆ ಹೇಗೆ ಸೇರಿಕೊಳ್ಳುತ್ತಾಳೆ? ಕಥೆ ಮುಗಿದಾಗ ಅವಳ ಗತಿ ಏನು? ಪ್ರತಿ ಪುಸ್ತಕಕ್ಕೂ ಇವಕ್ಕೆ ಉತ್ತರ ಬರೆದಿಟ್ಟೆ.

1864ರ ಆ ಎರಡು ಪುಸ್ತಕಗಳಲ್ಲಿ ಒಂದರ ಪತ್ತೇದಾರಿ ಮಿಸೆಸ್ ಪ್ಯಾಸ್ಕಲ್, ನಲವತ್ತರ ಹತ್ತಿರದ ವಿಧವೆ. ಗಂಡ ತೀರಿಕೊಂಡ, ಕೈಯಲ್ಲಿ ಕಾಸಿಲ್ಲ, ಅದಕ್ಕೇ ಈ ಕೆಲಸ. ಶ್ರೀಮಂತಳೊಬ್ಬಳ ಮನೆಗೆ ಕೆಲಸದವಳಾಗಿ ಸೇರುತ್ತಾಳೆ. ನೆಲದಡಿಯ ದಾರಿಗೆ ಇಳಿಯಲು ಲಂಗ ಉಬ್ಬಿ ನಿಲ್ಲಲು ಒಳಗೆ ತೊಡುವ ಕ್ರಿನೋಲಿನ್ ಅಡ್ಡ ಬಂದಾಗ ಅದನ್ನು ಕಿತ್ತೆಸೆದು ಇಳಿದೇಬಿಡುತ್ತಾಳೆ. ಅದೇ ವರ್ಷದ ಇನ್ನೊಂದು ಪುಸ್ತಕದ ಮಿಸ್ ಗ್ಲ್ಯಾಡನ್ ಇನ್ನೂ ಗಟ್ಟಿಗಿತ್ತಿ. ಹೊಟ್ಟೆಪಾಡಿಗೆ ಬಂದೆನೋ, ಪತ್ತೆಕೆಲಸದ ಮೇಲಿನ ತಡೆಯಲಾರದ ಆಸೆಯಿಂದ ಬಂದೆನೋ, ಅದು ನಿಮಗೆ ಬೇಡ ಎನ್ನುವ ಧಾಟಿ ಅವಳದು. ಅವಳ ಸ್ನೇಹಿತರು ಇವಳು ಮನೆಮನೆಗೆ ಹೋಗಿ ಬಟ್ಟೆ ಹೊಲಿಯುವವಳು ಅಂದುಕೊಂಡಿರುತ್ತಾರೆ. ಈ ಸಾಲಿನ ಕೆಳಗೆ ಗೆರೆ ಎಳೆದಿಟ್ಟುಕೊಂಡೆ.

ಆಮೇಲಿನ ಕೆಲವು ಕಥೆಗಳು ನನಗೆ ಬೇಸರ ತಂದವು. 1910ರ ಪುಸ್ತಕವೊಂದರ ಲೇಡಿ ಮಾಲಿ ಲಂಡನ್ ಪೊಲೀಸರ ಸ್ಕಾಟ್‌ಲೆಂಡ್ ಯಾರ್ಡಿನಲ್ಲಿ ಅಷ್ಟೊಂದು ಕೇಸು ಬಿಡಿಸುತ್ತಾಳೆ. ಆದರೆ ಅವಳು ಅಲ್ಲಿಗೆ ಬಂದಿದ್ದೇ ಜೈಲಿನಲ್ಲಿರುವ ಗಂಡನ ಹೆಸರು ಉಳಿಸಲು. ಅವನು ನಿರಪರಾಧಿ ಅಂತ ಸಾಬೀತಾದ ಕೂಡಲೇ ಕೆಲಸ ಬಿಡುತ್ತಾಳೆ. ಆ ಕಾಲದ ಇನ್ನೊಬ್ಬ ಕಥಾ ಪತ್ತೇದಾರಿ ಡೋರಾ ಮಿರ್ಲ್‌ಗೆ 1909ರ ಪುಸ್ತಕದಲ್ಲಿ ಇನ್ನೊಬ್ಬ ಪತ್ತೇದಾರನ ಜೊತೆ ಮದುವೆ. ಇಷ್ಟು ಜಾಣೆಯರನ್ನು ಮನೆಗೆ ಕಳಿಸಲು ಲೇಖಕರಿಗೆ ಅಷ್ಟೇಕೆ ಅವಸರ?

ನನಗೆ ದಾರಿ ತೋರಿಸಿದವಳು ಲವ್‌ಡೇ ಬ್ರೂಕ್. ಕ್ಯಾಥರಿನ್ ಲೂಯಿಸಾ ಪಿರ್ಕಿಸ್ 1893ರಲ್ಲಿ ಅವಳ ಕಥೆಗಳನ್ನು ಪತ್ರಿಕೆಯಲ್ಲಿ ಬರೆದರು, ಮರುವರ್ಷ ಪುಸ್ತಕವಾಯಿತು. ವಯಸ್ಸು ಮೂವತ್ತು ದಾಟಿದೆ. ಎತ್ತರವೂ ಅಲ್ಲ, ಕುಳ್ಳಿಯೂ ಅಲ್ಲ. ಚೆಲುವೆಯಲ್ಲ, ಕುರೂಪಿಯೂ ಅಲ್ಲ. ಯಾರ ಕಣ್ಣಿಗೂ ಬೀಳದ ಆ ರೂಪವೇ ಅವಳ ಬಂಡವಾಳ. ಒಂದು ಕಥೆಯಲ್ಲಿ, ಗೇಟಿನ ಮನೆ ಕಾಯುವ ಮುದುಕನ ಕೊಲೆಯಾದ ಬಂಗಲೆಗೆ ಅವಳು ಯಜಮಾನನ ಬರವಣಿಗೆಯ ಸಹಾಯಕಿಯಾಗಿ ಹೋಗುತ್ತಾಳೆ. ತಾನು ಕೆಲಸ ಮಾಡುವ ಪತ್ತೇದಾರಿ ಏಜೆನ್ಸಿಯ ಮಾಲೀಕ ಡೈಯರ್ ಜೊತೆ ಸರಿಸಮಾನವಾಗಿ ವಾದ ಮಾಡುತ್ತಾಳೆ. ಬಡತನ ಬಂತು, ಈ ಕೆಲಸ ಹಿಡಿದಳು, ಅದರಲ್ಲಿ ಪಳಗಿದಳು. ಗಂಡನೂ ಇಲ್ಲ, ಕೊನೆಗೆ ಮದುವೆಯೂ ಇಲ್ಲ. ಒಂದು ಕೇಸು ಮುಗಿದರೆ ಇನ್ನೊಂದು, ಅಷ್ಟೇ.

ಸುಳಿವು ಇಡುವುದನ್ನು ಕಲಿತದ್ದು ಅಮೆರಿಕದ ಆನಾ ಕ್ಯಾಥರಿನ್ ಗ್ರೀನ್ ಅವರಿಂದ. 1897ರಲ್ಲಿ ಅವರು ತಂದ ಅಮೇಲಿಯಾ ಬಟರ್‌ವರ್ತ್ ನ್ಯೂಯಾರ್ಕಿನ ಮದುವೆಯಾಗದ ಹಿರಿಯ ಹೆಂಗಸು. ಪಕ್ಕದ ಮನೆಯ ಕೊಲೆಯಲ್ಲಿ ಆಯುಧ ಒಂದು ಹ್ಯಾಟ್ ಪಿನ್. ಟೋಪಿ, ಪಿನ್ನು, ಬಟ್ಟೆ ನೋಡಿ ಏನು ತಿಳಿಯಬಹುದು ಅನ್ನುವುದು ಪೊಲೀಸರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು, ಅಲ್ವಾ?

ಇಷ್ಟಾದ ಮೇಲೆ ನನ್ನವಳು ಬಂದಳು. ಮೈಸೂರಿನಲ್ಲಿ ಬ್ಲೌಸ್ ಹೊಲಿಯುವವಳು. ಗ್ಲ್ಯಾಡನ್‌ಗೆ ಹೊಲಿಗೆ ಬರೀ ನೆಪ, ಇವಳಿಗೆ ಅದೇ ಜೀವನ. ಸೀರೆಗೆ ಫಾಲ್ ಹಚ್ಚುತ್ತಾಳೆ, ಮನೆಗೇ ಹೋಗಿ ಅಳತೆ ತೆಗೆಯುತ್ತಾಳೆ. ಯಾರ ತೋಳಿನ ಮೇಲೆ ಕಲೆ ಇದೆ, ಯಾರು ತಿಂಗಳೊಳಗೆ ಇಳಿದುಹೋದರು, ಯಾರು ಇದ್ದಕ್ಕಿದ್ದಂತೆ ಉದ್ದ ತೋಳು ಇಡಿ ಅಂದರು, ಎಲ್ಲ ಅವಳಿಗೆ ಕಾಣುತ್ತದೆ. ಅವಳ ಅಳತೆ ಪುಸ್ತಕದಲ್ಲೇ ಮೊದಲ ಕೇಸಿನ ಸುಳಿವು ಇಟ್ಟೆ. ಮದುವೆ ಯಾಕಾಗಿಲ್ಲ ಅಂತ ಕಥೆಯಲ್ಲಿ ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ನೀವೂ ಇಂಥ ಕಥೆ ಬರೆಯುವವರಾದರೆ ಲವ್‌ಡೇ ಬ್ರೂಕ್‌ಳಿಂದ ಶುರುಮಾಡಿ, ಆಮೇಲೆ ಗ್ಲ್ಯಾಡನ್ ಹತ್ತಿರ ಹೋಗಿ. ಲೇಡಿ ಮಾಲಿಯನ್ನು ಕೊನೆಗೆ ಓದಿದರೂ ನಡೆಯುತ್ತದೆ.