ಕುಪ್ಪಳಿಯ ಸುತ್ತ ಮಳೆ, ಮಂಜು, ಸಂಜೆ: ಕ್ಯಾಮೆರಾ ಹಿಡಿದು ನಡೆದ ಅನುಭವ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವಾಗ ಸಿಗುವ ಕುಪ್ಪಳಿಗೆ ಬಂದವರು ಬಹುಪಾಲು ಕುವೆಂಪು ಅವರ ಕವಿಮನೆ, ಹತ್ತಿರದ ಗುಡ್ಡ ಕವಿಶೈಲದ ಕಲ್ಲುಗಳು ಇಷ್ಟನ್ನೇ ತೆಗೆದುಕೊಂಡು ಹೊರಡುತ್ತಾರೆ. ಕುವೆಂಪು ಬರೆದ ಮಲೆನಾಡು ಬೇಕೆಂದರೆ ಮೊದಲು ಕಾಲ ಆರಿಸಿಕೊಳ್ಳಬೇಕು, ಜಾಗ ಆಮೇಲೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿ ಎಂಬ ಪಾತ್ರ ನಡೆಯುವ ದಾರಿ ಹುಡುಕಿ ಹೊರಟರೆ ಈಗ ಟಾರು ರಸ್ತೆಯೇ ಸಿಗಬಹುದು. ಆದರೆ ಅದೇ ಮಳೆ, ಅದೇ ಇಂಬಳ (ಜಿಗಣೆ), ಅದೇ ಕೆಂಪಾದ ತುಂಗೆ ಪ್ರತಿ ವರ್ಷವೂ ಬರುತ್ತವೆ. ಹಾಗಾಗಿ ನಾನು ಕ್ಯಾಲೆಂಡರಿನ ತಿಂಗಳಿಗಿಂತ ಮಳೆ ನಕ್ಷತ್ರ ನೋಡಿ ಹೊರಡುತ್ತೇನೆ.

ಆರಿದ್ರೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬೆಳಕು ತೀರಾ ಕಡಿಮೆ. ಹಾಡ್ಯದೊಳಗೆ, ಅಂದರೆ ದಟ್ಟ ಮರಗಳ ಕಾಡಿನೊಳಗೆ, ಹಗಲಿನಲ್ಲೂ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಇಟ್ಟರೆ ಮಾತ್ರ ಕೈಯಲ್ಲಿ ಹಿಡಿದು ತೆಗೆಯುವಷ್ಟು ಶಟರ್ ವೇಗ ಸಿಗುತ್ತದೆ. ಮಳೆಯೇ ಚಿತ್ರದಲ್ಲಿ ಕಾಣಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು. ಬಿಳಿ ಆಕಾಶದ ಮುಂದೆ ಹನಿ ಮಾಯವಾಗುತ್ತದೆ. ಮರಗಳ ದಟ್ಟ ನೆರಳಿನ ಮುಂದೆ ಗೆರೆಗೆರೆಯಾಗಿ ನಿಲ್ಲುತ್ತದೆ. 70ರಿಂದ 100 ಎಂಎಂ ಲೆನ್ಸ್, 1/60 ಸೆಕೆಂಡ್ ನನಗೆ ಹೊಂದುವ ಲೆಕ್ಕ. 1/500ಕ್ಕೆ ಹೋದರೆ ಹನಿಗಳು ಚುಕ್ಕಿಯಾಗಿ, ಚಿತ್ರ ಕೆಟ್ಟಂತೆ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ: ಲೆನ್ಸಿಗೆ ಹತ್ತಿರದ ಹನಿಗಳೆಲ್ಲ ಬಿಳಿ ಉಂಡೆಗಳಾಗುತ್ತವೆ.

ಒದ್ದೆ ಎಲೆಯ ಹಸಿರಿಗೆ ಪೋಲರೈಸರ್, ಅಂದರೆ ಹೊಳಪು ತಗ್ಗಿಸುವ ಫಿಲ್ಟರ್, ಬೇಕೇ ಬೇಕು. ಎಲೆಯ ಮೇಲಿನ ನೀರು ಬಿಳಿ ಆಕಾಶವನ್ನು ಪ್ರತಿಫಲಿಸುವುದರಿಂದ ಹಸಿರು ತೊಳೆದುಹೋದಂತಿರುತ್ತದೆ. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಾ ಬಂದರೆ ಆ ಹೊಳಪು ಇಳಿದು ನಿಜವಾದ ಬಣ್ಣ ಬರುತ್ತದೆ. ಇದಕ್ಕೆ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕು ಕಳೆದುಕೊಳ್ಳಬೇಕಾಗುತ್ತದೆ, ಆದ್ದರಿಂದ ಟ್ರೈಪಾಡ್ ಒಯ್ಯಲೇಬೇಕು. ಗದ್ದೆ ಅಂಚಿನಲ್ಲಿ ಅದರ ಕಾಲು ಹೂತುಹೋಗುತ್ತದೆ. ಕೆಳಗೆ ಅಡಕೆ ದಬ್ಬೆಯ (ಸೀಳಿದ ಅಡಕೆ ಮರದ) ತುಂಡು ಇಟ್ಟರೆ ನಿಲ್ಲುತ್ತದೆ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಒಂದೊಂದು ಹಸಿರು ಕೊಡುತ್ತದೆ. 5500 ಕೆಲ್ವಿನ್‌ಗೆ ಕಟ್ಟಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆದು ಆಮೇಲೆ ಸರಿಮಾಡುತ್ತೇನೆ.

ಇಂಬಳಕ್ಕೆ ಮೊಣಕಾಲುವರೆಗಿನ ಒತ್ತು ನೇಯ್ಗೆಯ ಕಾಲುಚೀಲವೇ ಮದ್ದು. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದರೆ ಇನ್ನೂ ಒಳ್ಳೆಯದು, ಆದರೆ ಜೋರು ಮಳೆಗೆ ತೊಳೆದುಹೋಗುತ್ತದೆ. ಬ್ಯಾಗನ್ನು ನೆಲಕ್ಕಿಡದೆ ಕೊಂಬೆಗೆ ತೂಗುಹಾಕಿ. ಟ್ರೈಪಾಡ್ ಮಡಿಸುವ ಮುಂಚೆ ಅದರ ಕಾಲುಗಳನ್ನೂ ನೋಡಿ. ತೋಟ, ಗದ್ದೆಗಳೆಲ್ಲ ಒಬ್ಬೊಬ್ಬರ ಸ್ವಂತದ್ದು. ಮನೆಯವರನ್ನು ಕೇಳಿಯೇ ಇಳಿಯಬೇಕು, ತೆಗೆದ ದಣಪೆಯನ್ನು (ಬೇಲಿಬಾಗಿಲ ಅಡ್ಡಗಳುಗಳನ್ನು) ಮತ್ತೆ ಹಾಕಲೇಬೇಕು. ದನ ನುಗ್ಗಿದರೆ ಸಸಿ ಉಳಿಯುವುದಿಲ್ಲ.

ಮಂಜಿನಲ್ಲಿ ಎರಡು ಬಗೆ. ಮಳೆಗಾಲದ್ದು ನೆಲಕ್ಕಿಳಿದ ಮೋಡ. ಲೆನ್ಸನ್ನು ಒದ್ದೆ ಮಾಡುತ್ತದೆ, ನಿಮಿಷಗಳಲ್ಲಿ ಬಂದು ಹೋಗುತ್ತದೆ. ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಮೊದಲ ವಾರದ ನಂತರ, ಜನವರಿಯವರೆಗೆ ಬೀಳುವುದು ಕಣಿವೆಯ ಮಂಜು. ರಾತ್ರಿ ಆಕಾಶ ಶುಭ್ರವಾಗಿ ಗಾಳಿಯಿಲ್ಲದಿದ್ದರೆ ಬೆಳಗಿಗೆ ಗದ್ದೆಬಯಲು ತುಂಬಿರುತ್ತದೆ. ಅದಕ್ಕೆ ಎತ್ತರದಲ್ಲಿ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ನಿಂತಿರಬೇಕು. ಬಿಸಿಲು ಏರಿದ ಎರಡು ಗಂಟೆಯೊಳಗೆ ಕರಗಿಬಿಡುತ್ತದೆ. ಕ್ಯಾಮೆರಾ ಮಂಜನ್ನು ಬೂದಿಬಣ್ಣಕ್ಕೆ ಎಳೆಯುವುದರಿಂದ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) +0.7ರಿಂದ +1 ಸ್ಟಾಪ್‌ವರೆಗೆ ಏರಿಸಿ. ಆಟೋಫೋಕಸ್ ಹಿಂದೆ ಮುಂದೆ ತಡಕಾಡಿದರೆ ಕಪ್ಪು ಕಾಂಡದ ಅಂಚಿಗೆ ಗುರಿಯಿಡಿ.

ಕವಿಶೈಲದ ಸೂರ್ಯಾಸ್ತಕ್ಕೆ ದಿಕ್ಕಿನ ಲೆಕ್ಕ ಬೇಕು. ಈ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ ಮುಳುಗುತ್ತಾನೆ. ಒಂದು ಮರದ ಪಕ್ಕಕ್ಕೆ ಸೂರ್ಯನನ್ನು ಹೊಂದಿಸಿಟ್ಟುಕೊಂಡ ಚೌಕಟ್ಟು ಎರಡು ತಿಂಗಳ ನಂತರ ಕೆಲಸಕ್ಕೆ ಬಾರದು. ಜನ ಡಿಸೆಂಬರಿನಲ್ಲಿ ಹೆಚ್ಚು ಬರುತ್ತಾರೆ; ನನ್ನ ಆಯ್ಕೆ ಹಸ್ತ, ಚಿತ್ತೆ ಮಳೆಗಳ ನಡುವಿನ ಬಿಡುವು, ಅಂದರೆ ಅಕ್ಟೋಬರ್ ಹೊತ್ತು. ಮಳೆ ಧೂಳನ್ನು ತೊಳೆದಿರುತ್ತದೆ, ಮೋಡವೂ ಉಳಿದಿರುತ್ತದೆ, ಬೆಟ್ಟದ ಹಿಂದೆ ಬೆಟ್ಟ ಬಿಡಿಬಿಡಿಯಾಗಿ ಕಾಣುತ್ತದೆ. 100ರಿಂದ 200 ಎಂಎಂ ಲೆನ್ಸ್ ಹಾಕಿ ಆ ಸಾಲುಗಳನ್ನೇ ತೆಗೆಯಿರಿ. ಬಂಡೆಯ ಮೇಲೆ ಕುವೆಂಪು ಅವರ ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಸ್ವತಃ ಕುವೆಂಪು ಅವರ ಹಸ್ತಾಕ್ಷರದ ಕೆತ್ತನೆಯಿದೆ. ಗೀರು ಆಳವಿಲ್ಲ, ನಡುಹಗಲು ಕಾಣುವುದೇ ಇಲ್ಲ. ಓರೆ ಬೆಳಕು ಬೇಕು: ಎಳೆ ಬಿಸಿಲು, ಇಲ್ಲವೇ ಬಂಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿದ ಟಾರ್ಚ್. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದನ್ನು ದಯವಿಟ್ಟು ಮಾಡಬೇಡಿ. ಕವಿಯ ಸಮಾಧಿಯೂ ಅಲ್ಲೇ ಇದೆ. ಅದರ ಮೇಲೆ ಟ್ರೈಪಾಡ್ ಇಡಬಾರದು.

ಬೇಸಿಗೆಯಲ್ಲಿ ದೂರದ ನೋಟ ಮಸುಕು. ಮೇ ಕೊನೆಯಲ್ಲಿ ಹಳೆಯ ಮರಗಳ ಮೇಲೆ ಸೀತಾಳೆದಂಡೆ ಎಂಬ ಆರ್ಕಿಡ್ ಹೂ ಅರಳುವುದು ಮಾತ್ರ ಬಿಡಬಾರದ್ದು. ಕೆಳಗಿನಿಂದ ತೆಗೆದರೆ ಹಿಂದೆ ಬರೀ ಬಿಳಿ ಆಕಾಶ. ದಿಬ್ಬದ ಮೇಲ್ಭಾಗಕ್ಕೆ ಹೋಗಿ, 300 ಎಂಎಂ ಲೆನ್ಸಿನಲ್ಲಿ ಹೂವಿನ ಮಟ್ಟಕ್ಕೆ ಬಂದರೆ ಹಿನ್ನೆಲೆ ಹಸಿರಾಗುತ್ತದೆ.

ನಡಿಗೆಯಷ್ಟೇ ಮುಖ್ಯವಾದದ್ದು ಹಿಂದಿರುಗಿದ ಮೇಲಿನ ಕೆಲಸ. ಎಸಿ ಹಾಕಿದ ಕಾರಿನಿಂದ ತಟ್ಟನೆ ತೆಗೆದ ಲೆನ್ಸಿಗೆ ಆವಿ ಕಟ್ಟುತ್ತದೆ. ಇಳಿಯುವ ಅರ್ಧ ಗಂಟೆ ಮೊದಲೇ ಎಸಿ ನಿಲ್ಲಿಸಿ. ಗಾಳಿಯ ತೇವ 60 ಶೇಕಡಾ ದಾಟಿ ನಿಂತರೆ ಗಾಜಿನಲ್ಲಿ ಬೂಷ್ಟು ಬೆಳೆಯಲು ಅಷ್ಟು ಸಾಕು. ಕ್ಯಾಮೆರಾವನ್ನು ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಮಾಪಕದ ಜೊತೆ ಇಡುತ್ತೇನೆ. ಮುಳ್ಳು 40ರಿಂದ 50ರ ನಡುವೆ ಇರಬೇಕು. ಅದು ಮೇಲೇರಿದರೆ ಜೆಲ್ ತೇವ ಕುಡಿದು ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿಮಾಡಿ, ಆರಿಸಿ ಮತ್ತೆ ಬಳಸಬಹುದು.