ಅಜ್ಜನ ಡಿಸ್ಚಾರ್ಜ್ ಬುಕ್ ಸ್ಕ್ಯಾನ್ ಮಾಡಿ ಕಳಿಸುವುದು ಹೇಗೆ?

ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಮಿಲಿಟರಿಗೆ ಹೋಗಿ ಬಂದವರ ಮನೆ ಬಹಳ. ಕುಟುಂಬ ಪಿಂಚಣಿಗೋ, ಹೆಸರು ತಿದ್ದಿಸಲಿಕ್ಕೋ ಡಿಸ್ಚಾರ್ಜ್ ಬುಕ್ (ಮಿಲಿಟರಿಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರದ ಪುಸ್ತಕ) ಬೇಕಾದಾಗ ಮೊಮ್ಮಕ್ಕಳು ಅವಸರದಲ್ಲಿ ಮೊಬೈಲ್ ಫೋಟೊ ಹೊಡೆದು ಕಳಿಸುತ್ತಾರೆ. ಅಕ್ಷರ ಕಾಣುತ್ತಿಲ್ಲ ಎಂದು ಅದು ವಾಪಸ್ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಎಲ್ಲಿಗೆ ಕಳಿಸಬೇಕು ಎಂದು ತಿಳಿದುಕೊಳ್ಳಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ರೆಕಾರ್ಡ್ ಆಫೀಸ್, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿ, ಬೆಳಗಾವಿಯಲ್ಲೇ ಇದೆ. ಆರ್ಟಿಲರಿಯವರದು (ಫಿರಂಗಿ ದಳ) ನಾಸಿಕ್, ಇಎಂಇಯವರದು (ಸೈನ್ಯದ ಯಂತ್ರೋಪಕರಣ ದುರಸ್ತಿ ಮಾಡುವ ದಳ) ಸಿಕಂದರಾಬಾದ್. ಇಮೇಲೋ, ಮಿಲಿಟರಿ ಪಿಂಚಣಿಯ ಸ್ಪರ್ಶ್ ಪೋರ್ಟಲ್ಲೋ, ಫೈಲ್ ಎಷ್ಟು ದೊಡ್ಡದಿರಬಹುದು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಸ್ಕ್ಯಾನ್. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರು ಕೇಳದೇನೇ ಬ್ಲ್ಯಾಕ್ ಅಂಡ್ ವೈಟ್ ಒತ್ತುತ್ತಾರೆ. ಒಪ್ಪಬೇಡಿ, ಕಲರ್‌ನಲ್ಲೇ ಮಾಡಿಸಿ. ಬೈಲಹೊಂಗಲ ಕಡೆಯ ಒಬ್ಬ ಅಜ್ಜಿಯ ಕೆಲಸ ನಿಂತದ್ದು ಇದರಿಂದಲೇ. ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ನೇರಳೆ ಬಣ್ಣದ ಸೀಲ್ ಬಿದ್ದಿತ್ತು. ಕಣ್ಣಿಗೆ ಎರಡೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಕಪ್ಪು-ಬಿಳುಪು ಸ್ಕ್ಯಾನ್‌ನಲ್ಲಿ ಸೀಲು, ಹೆಸರು ಕೂಡಿ ಒಂದೇ ಕರಿ ಮಚ್ಚೆ. ಕಲರ್‌ನಲ್ಲಿ ಮತ್ತೆ ಮಾಡಿಸಿದ ಮೇಲೆ ಹೆಸರು ಸ್ಪಷ್ಟವಾಗಿ ಬಂತು.

ಗಾಜಿನ ಮೇಲೆ ಇಟ್ಟು ಮಾಡುವ ಸ್ಕ್ಯಾನರೇ ಬೇಕು. ಹಾಳೆ ಎಳೆದುಕೊಳ್ಳುವ ಮಷೀನಿಗೆ ಹಳೆಯ ಪುಸ್ತಕ ಕೊಡಲೇಬೇಡಿ, ಹಾಳೆ ಬಿಡಿಸಿಕೊಡಿ ಎನ್ನುತ್ತಾರೆ. ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂದು ಹೇಳುವ ಅಳತೆ ಡಿಪಿಐ; 300 ಡಿಪಿಐ ಸಾಕು, ಪೆನ್ಸಿಲ್ ಬರಹ ಮಾಸಿದ್ದರೆ 600. ತೆಳು ಹಾಳೆಯ ಹಿಂದಿನ ಬರಹ ಈಚೆ ಕಾಣುತ್ತಿದ್ದರೆ ಹಿಂದೆ ಒಂದು ಕಪ್ಪು ಹಾಳೆ ಇಡಿ, ತಕ್ಷಣ ತಿಳಿಯಾಗುತ್ತದೆ. ಮಡಿಕೆಯನ್ನು ಕೈಯಿಂದ ಸವರಿ, ಇಸ್ತ್ರಿ ಹಾಕಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬೆಳಕು ಹೊಳೆದು ಅಕ್ಷರ ಮುಚ್ಚುತ್ತದೆ, ಮುಂದೆ ಪ್ಲಾಸ್ಟಿಕ್ ಬಿಡಿಸಲಿಕ್ಕೂ ಬರುವುದಿಲ್ಲ. ಖಾಲಿ ಹಾಳೆ, ರಟ್ಟು ಎಲ್ಲವೂ ಸ್ಕ್ಯಾನ್ ಆಗಲಿ. ಎಷ್ಟೋ ಸಲ ರಟ್ಟಿನ ಒಳಬದಿಯಲ್ಲೇ ಏನಾದರೂ ಬರೆದಿರುತ್ತಾರೆ.

ಎಲ್ಲ ಪುಟ ಕೂಡಿಸಿ ಒಂದೇ ಪಿಡಿಎಫ್ ಮಾಡಿ. ಫೈಲಿಗೆ ಸುಮ್ನೆ ‘ಸ್ಕ್ಯಾನ್ 1’ ಎಂದು ಬಿಡಬೇಡಿ, ಸೈನಿಕರ ನಂಬರ್ ಮತ್ತು ಹೆಸರು ಇಡಿ. ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾಗಿ ಬಂದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ಅದು ಕುಗ್ಗಿ ಮಸುಕಾಗುತ್ತದೆ.

ಕಳಿಸಲಿಕ್ಕೆ ಫೈಲ್ ಚಿಕ್ಕದು ಮಾಡಿದರೂ ಮೂಲದ ದೊಡ್ಡ ಫೈಲನ್ನು ಅಳಿಸಬೇಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬೇರೆ ಊರಿನ ಮಗಳ ಹತ್ತಿರವೋ ತಮ್ಮನ ಹತ್ತಿರವೋ ಇರಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ರಂದು ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಸೈನಿಕರ ಸುಮಾರು 1.6ರಿಂದ 1.8 ಕೋಟಿ ಕಡತಗಳು ಹೋದವು. ಅವಕ್ಕೆ ಇನ್ನೊಂದು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಕೂಡ ಮಾಡಿರಲಿಲ್ಲ. ಮನೆಯಲ್ಲಿ ಕಾಗದ ಉಳಿಸಿಕೊಂಡವರಿಗೆ ಆಗ ಅದೇ ಆಧಾರವಾಯಿತು.

ಕಳಿಸುವ ಮುಂಚೆ ಪಿಡಿಎಫ್ ಅನ್ನು ಬೇರೆಯವರ ಮೊಬೈಲಿನಲ್ಲಿ ತೆರೆಯಿಸಿ. ಪುಸ್ತಕ ನಿಮ್ಮ ಕೈಯಲ್ಲಿರಲಿ. ನಂಬರ್, ಭರ್ತಿಯಾದ ತಾರೀಖು, ಹೆಂಡತಿಯ ಹೆಸರು, ಈ ಮೂರನ್ನು ಅವರು ತಡವರಿಸದೆ ಓದಿ ಹೇಳಿದರೆ ಕಳಿಸಿ.