ಗಿಟಾರ್ ಕೈಗೆ ಸಿತಾರ್ ಒಗ್ಗಿದ ಬಗೆ

ಗಿಟಾರ್ ಹಿಡಿದು ಹದಿನೆಂಟು ವರ್ಷ ಆಗಿತ್ತು. ಹಾಗಾಗಿ ನಲವತ್ತೊಂದಕ್ಕೆ ಸಿತಾರ್ ಶುರುಮಾಡುವಾಗ ಅರ್ಧ ದಾರಿ ದಾಟಿದ್ದೇನೆ ಅಂದುಕೊಂಡಿದ್ದೆ. ಎರಡೇ ತಿಂಗಳಿಗೆ ಆ ಗತ್ತು ಇಳಿಯಿತು. ಶಿರಸಿಯ ಗುರುಗಳು ತಬಲಾ ಯಂತ್ರ ಹಾಕಿ, "ತಮಾ, ನಿನ್ನ ಸಮ್ ಉಲ್ಟಾ ಬತ್ತಾ ಇದ್ದು ನೋಡು" ಅಂದರು. ಸಮ್ ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು.

ತಪ್ಪು ಇದ್ದದ್ದು ಬಲಗೈಯಲ್ಲಿ. ಗಿಟಾರಿನಲ್ಲಿ ಒತ್ತು ಬೀಳುವುದು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಕೆಳಗೆ ಹೋಗುವಾಗ. ಸಿತಾರಿನಲ್ಲಿ ಮಿಜ್ರಾಬ್ (ತಂತಿ ಮೀಟುವ ಲೋಹದ ಉಂಗುರ) ತೊಟ್ಟ ತೋರುಬೆರಳನ್ನು ಒಳಗೆ ಎಳೆದರೆ 'ದಾ', ಹೊರಗೆ ತಳ್ಳಿದರೆ 'ರಾ'. ಗಟ್ಟಿ ಪೆಟ್ಟು 'ದಾ'. ನನ್ನ ಕೈ ಹಳೇ ಚಾಳಿಯಲ್ಲಿ 'ರಾ'ಗೇ ಒತ್ತು ಕೊಡುತ್ತಿತ್ತು.

ಮಾಡಿದ್ದು ಇಷ್ಟೇ: ಎಡಗೈಗೆ ರಜೆ. ಹೊರಗೆ ಜಡಿಮಳೆ, ಒಳಗೆ ಲಯ ಹಿಡಿಯುವ ಮೆಟ್ರೊನೋಮ್ ನಿಮಿಷಕ್ಕೆ 50 ಪೆಟ್ಟಿನಲ್ಲಿ, ಖಾಲಿ ತಂತಿಯ ಮೇಲೆ ಬರೀ 'ದಾ'. ಹತ್ತು ದಿನ. ಮನೆಯವರ ತಾಳ್ಮೆ ದೊಡ್ಡದು. ಆಮೇಲೆ ಮಸೀತ್‌ಖಾನಿ ಗತ್ತಿನ (ನಿಧಾನ ಲಯದ ಸಿತಾರ್ ರಚನೆ) 'ದಿರ ದಾ ದಿರ ದಾ ರಾ ದಾ ದಾ ರಾ'. 'ದಿರ' ಅಂದರೆ ಒಂದೇ ಎಣಿಕೆಯಲ್ಲಿ ಬೇಗ ಬೇಗ ಎರಡು ಮೀಟು. ಮೊದಲು ಬಾಯಲ್ಲಿ, ನಂತರ ತಂತಿಯಲ್ಲಿ. ತೀನ್‌ತಾಲದ (16 ಎಣಿಕೆಯ, ಅಂದರೆ 16 ಮಾತ್ರೆಯ, ತಾಳ) 12ನೇ ಮಾತ್ರೆಯಿಂದ ಎತ್ತಿದರೆ ಸಮ್ಮಿಗೆ 'ದಾ' ತಾನಾಗಿ ಬಂದು ಕೂರುತ್ತದೆ.

ಗಿಟಾರ್ ಬಿಡಲಿಲ್ಲ, ಪಿಕ್ ಬಿಟ್ಟೆ. ಬೆರಳಲ್ಲಿ ನುಡಿಸಿದರೆ ಎರಡೂ ಕಲಸಿಹೋಗುವುದಿಲ್ಲ.

ಇನ್ನು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ತಂತಿಯನ್ನು ಅಡ್ಡಕ್ಕೆ ಎಳೆಯುವಾಗ ಗಿಟಾರಿನ ಜಡ್ಡೂ ಸಾಲದೆ ಬೆರಳು ಸೀಳಿತು. ತುದಿಗೆ ಚೂರು ತೆಂಗಿನೆಣ್ಣೆ ಸವರಿಕೊಳ್ಳುತ್ತೇನೆ. ಈಗ ಎರಡು ಸ್ವರ ಎಳೆಯಬಲ್ಲೆ. ಮೂರನೆಯದು ಇನ್ನೂ ಬೇಸುರ.